ಚಾಮಯ್ಯ ಮೇಷ್ಟ್ರು ಕೆಟ್ಟವರಾ?

ನಿಮ್ಮ ಇಷ್ಟದ ಪಾತ್ರಗಳ ಬಗ್ಗೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಗ ಜಾಸ್ತಿ ಹೋಗಿದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ‘ನಾಗರಹಾವು’ ಅಂದ್ರೆ ನನಗೆ ಪ್ರಾಣ. ಚಾಮಯ್ಯ ಮೇಷ್ಟ್ರು ದೇವರ ಹಾಗೆ. ಮೊನ್ನೆ ಕಾಲೇಜಿಗೆ ಹೋಗುವ ಮಗಳ ಜೊತೆ ಮತ್ತೆ ನೋಡಿದೆ. ಮುಗಿದ ಮೇಲೆ ಅವಳು, ‘ಅಮ್ಮಾ, ಅಷ್ಟೂ ಅನಾಹುತಕ್ಕೆ ಆ ಮೇಷ್ಟ್ರೇ ಕಾರಣ’ ಅಂದುಬಿಟ್ಟಳು. ಎರಡು ದಿನದಿಂದ ಮನಸ್ಸಿಗೆ ಸಮಾಧಾನ ಇಲ್ಲ. ಯಾರು ಸರಿ?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ನೋಡಿದ್ದಾಳೆ. ಹಾಗಂತ ನೀವು ಮೇಷ್ಟ್ರನ್ನು ಬಿಟ್ಟುಕೊಡಬೇಕಾಗಿಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಸಿನಿಮಾ ಇದು. ಚಿತ್ರದುರ್ಗದ ಹುಡುಗ ರಾಮಾಚಾರಿ ಮಹಾ ಸಿಟ್ಟಿನವನು. ತನ್ನನ್ನು ಅವಮಾನ ಮಾಡಿದ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿ ಬರುವಂಥವನು. ಊರಿಗೆಲ್ಲ ಅವನು ಪುಂಡ. ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರಿಗೆ, ಅವರ ಹೆಂಡತಿ ತುಂಗಮ್ಮನಿಗೆ ಮಾತ್ರ ಅವನು ಮಗ. ಅವನೂ ಅಷ್ಟೇ, ಹೆತ್ತ ಅಪ್ಪನ ಮಾತು ಕೇಳದವನು ಮೇಷ್ಟ್ರ ಮಾತಿಗೆ ತಲೆ ಬಾಗಿಸುತ್ತಾನೆ.

ತೊಂದರೆ ಇರುವುದು ಅಲ್ಲೇ ಅಲ್ವಾ? ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಬೇರೆ. ಮೇಷ್ಟ್ರು ಬಂದು ಅವಳನ್ನು ಬಿಟ್ಟುಕೊಡು ಅನ್ನುತ್ತಾರೆ. ಬೇರೆ ಯಾರೇ ಕೇಳಿದ್ದರೂ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಮೇಷ್ಟ್ರು ಕೇಳಿದರು ಅಂತ ಬಿಟ್ಟುಕೊಡುತ್ತಾನೆ. ಅಲಮೇಲು ಇನ್ನೊಬ್ಬನನ್ನು ಮದುವೆಯಾಗುತ್ತಾಳೆ. ಮುಂದೆ ಅವಳು ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಅವಳ ಬದುಕು ಹಾಳಾಗಿ ಹೋಗಿರುತ್ತದೆ.

ನಾನು ಈ ಸಿನಿಮಾ ಮೊದಲು ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ, ಅಪ್ಪನ ಪಕ್ಕ ನೆಲದ ಮೇಲೆ ಕೂತು. ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ಅವರು ತೆರೆ ಮೇಲೆ ಬಂದಾಗೆಲ್ಲ ನಮ್ಮೂರಿನ ಜನ ತಿರುಗಿ ಅಪ್ಪನನ್ನು ನೋಡುತ್ತಿದ್ದರು. ಅದೇ ಪಂಚೆ, ಅದೇ ಕೋಟು, ಅದೇ ಸಣ್ಣ ನಗು. ನನಗೋ ಹೆಮ್ಮೆ. ಸಿನಿಮಾ ಮುಗಿದು ಎರಡು ಮೈಲಿ ನಡೆದು ಬರಬೇಕಿತ್ತು. ಅಪ್ಪ ಟಾರ್ಚನ್ನು ನನ್ನ ಕಾಲ ಮುಂದೆ ಬಿಡುತ್ತಾ ಸುಮ್ಮನೆ ನಡೆಯುತ್ತಿದ್ದರು. ಕೆರೆ ಏರಿ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು: ‘ಆ ಹುಡುಗ ಇಲ್ಲ ಅನ್ನಲ್ಲ ಅಂತ ಗೊತ್ತಿತ್ತಲ್ಲ. ಮೇಷ್ಟ್ರು ಕೇಳಬಾರದಿತ್ತು.’

ಆಗ ನನಗೆ ಅರ್ಥವಾಗಲಿಲ್ಲ. ಈಗ ಆ ದೃಶ್ಯ ಬಂದಾಗೆಲ್ಲ ನನ್ನ ಕಿವಿಗೆ ಅಪ್ಪನ ಮಾತೇ ಮೊದಲು ಕೇಳುತ್ತದೆ. ಮೇಷ್ಟ್ರ ಪ್ರೀತಿಯಲ್ಲಿ ಒಂದು ಚೂರೂ ಕಲಬೆರಕೆ ಇಲ್ಲ. ಆದರೆ ಆ ಪ್ರೀತಿ ಇಟ್ಟುಕೊಂಡೇ ಅವರು ಹುಡುಗನ ಬದುಕನ್ನು ಬೇಡಿಬಿಟ್ಟರು. ಅವರು ದುಷ್ಟರಾಗಿದ್ದರೆ ರಾಮಾಚಾರಿ ಉಳಿದುಕೊಳ್ಳುತ್ತಿದ್ದ. ಕೊನೆಗೆ ದುರ್ಗದ ಬೆಟ್ಟದ ಮೇಲೆ ಮೇಷ್ಟ್ರೂ ಉಳಿಯುವುದಿಲ್ಲ, ಅವನೂ ಉಳಿಯುವುದಿಲ್ಲ, ಅಲಮೇಲು ಹೋದ ಮೇಲೆ ಅವನು ಪ್ರೀತಿಸಿದ ಮಾರ್ಗರೆಟ್ಟೂ ಉಳಿಯುವುದಿಲ್ಲ. ನನಗೆ ಚಾಮಯ್ಯ ಮೇಷ್ಟ್ರು ಇವತ್ತಿಗೂ ಇಷ್ಟ. ಅವರ ತಪ್ಪನ್ನು ನೋಡಿದ ಮೇಲೆ ಇನ್ನೂ ಹತ್ತಿರದವರಾಗಿದ್ದಾರೆ. ಮಗಳಿಗೆ ಹೇಳಿ, ಅವಳ ಮಾತು ನಮ್ಮಪ್ಪನ ಮಾತೇ.

ಪ್ರಶ್ನೆ: ಸ್ವಾಮಿಯ ಮಾಲ್ಗುಡಿ ಎಲ್ಲಿದೆ? ಮಕ್ಕಳನ್ನು ಕರೆದುಕೊಂಡು ಹೋಗಬೇಕು.
– ಹುಬ್ಬಳ್ಳಿಯ ಓದುಗರು

ಉತ್ತರ: ಆರ್.ಕೆ. ನಾರಾಯಣ್ ಅವರ ಪುಸ್ತಕದಲ್ಲಿದೆ, ಬೇರೆಲ್ಲೂ ಇಲ್ಲ. ಆದರೆ ಶಂಕರ್ ನಾಗ್ ಅದನ್ನು ಟೀವಿಗೆ ತಂದಾಗ ಆಗುಂಬೆಯಲ್ಲಿ ಚಿತ್ರೀಕರಣ ಮಾಡಿದರು. ಅಲ್ಲಿಯ ದೊಡ್ಡಮನೆಯ ಜಗಲಿ ನೋಡಿದರೆ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಈಗ ಓಡಿಬರುತ್ತಾನೇನೋ ಅನಿಸುತ್ತದೆ. ಮಳೆಗಾಲ ಬಿಟ್ಟು ಹೋಗಿ. ಹೋಗುವ ಮೊದಲು ಮಕ್ಕಳಿಗೆ ಒಂದೆರಡು ಕತೆ ಓದಿ ಹೇಳಿ.

ಪ್ರಶ್ನೆ: ಯಾವ ಪಾತ್ರ ಸತ್ತಾಗ ನೀವು ಜಾಸ್ತಿ ಅತ್ತಿದ್ದೀರಿ?
– ಮೈಸೂರಿನ ಓದುಗರು

ಉತ್ತರ: ಹುಲಿಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿ. ಅದು ಯಾವಾಗಲೂ ಜೊತೆಗಿರುತ್ತದೆ ಅಂತಲೇ ಅದರ ಯಜಮಾನನಿಗೆ ನಾಯಿಗುತ್ತಿ ಅಂತ ಹೆಸರು. 1967ರಲ್ಲಿ ಬಂದ ಆ ಪುಸ್ತಕ ತೆರೆದರೆ ಮೊದಲು ಸಿಗುವ ಮಾತು, ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!’ ಅದನ್ನು ನಾನು ಪೂರ್ತಿ ನಂಬಿದ್ದು ಹುಲಿಯನಿಂದ.

ಅಮ್ಮನಿಗೆ ಕಣ್ಣು ಮಂಜಾದ ಮೇಲೆ ದಿನಾ ರಾತ್ರಿ ಊಟ ಆದಮೇಲೆ ಈ ಕಾದಂಬರಿ ಓದಿ ಹೇಳುತ್ತಿದ್ದೆ. ಅಮ್ಮ ತೀರ್ಥಹಳ್ಳಿ ಕಡೆಯವಳು, ಮಳೆಗಾಲದ ತುಂಗೆಯನ್ನು ನೋಡಿ ಬೆಳೆದವಳು. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಓಡಿಹೋಗುವ ಭಾಗ ಬಂತು. ಹೊಳೆ ತುಂಬಿ ಹರಿಯುತ್ತಿದೆ. ನಾನು ಅವರಿಬ್ಬರ ಚಿಂತೆಯಲ್ಲಿ ಓದುತ್ತಿದ್ದೆ. ಅಮ್ಮ ತಡೆದು ಕೇಳಿದಳು, ‘ನಾಯಿ ಎಲ್ಲಿದೆ?’

ಮುಂದಿನದು ನನಗೆ ಗೊತ್ತಿತ್ತು. ಗಂಟಲು ಕಟ್ಟಿತು. ಹೇಗೋ ಓದಿದೆ. ನೀರು ಹುಲಿಯನನ್ನು ಎಳೆದುಕೊಂಡು ಹೋಯಿತು. ಅಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡು, ಇವತ್ತಿಗೆ ಸಾಕು ಅಂದಳು. ಇಬ್ಬರೂ ದೀಪ ಆರಿಸದೆ ತುಂಬಾ ಹೊತ್ತು ಕೂತಿದ್ದೆವು.

ಮಾರನೇ ದಿನ ರಾತ್ರಿ ಪುಸ್ತಕ ತೆಗೆದೆ. ‘ಮೊದಲಿಂದ ಓದು’ ಅಂದಳು ಅಮ್ಮ. ‘ಗುತ್ತಿ ಹುಲಿಯನನ್ನು ಕರೆದುಕೊಂಡು ಹೊರಡ್ತಾನಲ್ಲ, ಅಲ್ಲಿಂದ.’