ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಬಗ್ಗೆ ಚಿತ್ರದುರ್ಗದ ಶಾಸಕರು ಸದನದಲ್ಲಿ ಕೇಳಿದರೂ ನೇರ ಉತ್ತರ ಏಕೆ ಸಿಗುವುದಿಲ್ಲ?

ಎಷ್ಟೋ ಸಲ ಕೇಳುವ ಸದನವೇ ತಪ್ಪಿರುತ್ತದೆ. 2023-24ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ ಘೋಷಿಸಿದ 5,300 ಕೋಟಿ ರೂಪಾಯಿ ಕೇಂದ್ರದ್ದು. ವಿಧಾನಸಭೆಯಲ್ಲಿ ಕೇಳಿದರೆ ರಾಜ್ಯದ ಸಚಿವರು ‘ಕೇಂದ್ರಕ್ಕೆ ಪತ್ರ ಬರೆದಿದ್ದೇವೆ’ ಎಂದು ಕೈತೊಳೆದುಕೊಳ್ಳಬಹುದು. ಅದನ್ನು ಸಂಸದರು ಲೋಕಸಭೆಯಲ್ಲಿ ಕೇಳಬೇಕು, ಕನಿಷ್ಠ 15 ದಿನ ಮೊದಲು ನೋಟಿಸ್ ಕೊಟ್ಟು.

ಅಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತೇ ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಆದರೆ ದಿನಕ್ಕೆ 20 ಮಾತ್ರ, ಅದೂ ಲಾಟರಿ ಎತ್ತಿ. ಪಟ್ಟಿಯಲ್ಲಿ ಕೆಳಗೆ ಬಿದ್ದರೆ ಪ್ರಶ್ನೋತ್ತರ ವೇಳೆ ಮುಗಿದು ಲಿಖಿತ ಉತ್ತರವೇ ಗತಿ. ಬರೀ ಅಂಕಿಅಂಶ ಬೇಕಿದ್ದರೆ ಲಿಖಿತ ಉತ್ತರ ಮಾತ್ರ ಸಿಗುವ ಚುಕ್ಕೆ ರಹಿತ ಪ್ರಶ್ನೆಯೇ ವಾಸಿ.

ಶಾಸಕರು ಕೇಳಬೇಕಾದ್ದು ಬೇರೆ: ಚಿತ್ರದುರ್ಗ ಶಾಖಾ ಕಾಲುವೆಗೆ ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಭೂಸ್ವಾಧೀನ ಬಾಕಿ ಇದೆ, ಪರಿಹಾರ ಎಷ್ಟು ಮಂದಿಗೆ ತಲುಪಿದೆ? ‘ಕಾಮಗಾರಿ ಯಾವಾಗ ಮುಗಿಯುತ್ತದೆ’ ಅಂತ ಕೇಳಿದರೆ ‘ಶೀಘ್ರದಲ್ಲೇ’ ಅಂತಲೇ ಬರುತ್ತೆ.