ಮೂವರು, ಆರು ರಾತ್ರಿ ವಿಯೆಟ್ನಾಂ: ಒಂದೂವರೆ ಲಕ್ಷ ಸಾಕಾ?

ದಾವಣಗೆರೆಯಿಂದ ಗಂಡ, ಹೆಂಡತಿ, ವಯಸ್ಸಾದ ತಾಯಿ ಮೊದಲ ಸಲ ವಿದೇಶಕ್ಕೆ, ಆರು ರಾತ್ರಿಗೆ ವಿಯೆಟ್ನಾಂಗೆ ಹೊರಟಿದ್ದೀರಿ. ಒಂದೂವರೆ, ಎರಡೂವರೆ, ನಾಲ್ಕು ಲಕ್ಷ, ಇದರಲ್ಲಿ ಯಾವುದಕ್ಕೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವನೇ. ಕಳೆದ ಮಾರ್ಚ್‌ನಲ್ಲಿ ನಾನು, ಹೆಂಡತಿ, ಅವ್ವ ಅಲ್ಲಿನ ನಡುಭಾಗದ ಊರುಗಳಾದ ಡಾ ನಾಂಗ್ ಮತ್ತು ಹೋಯಿ ಆನ್ ನೋಡಿ ಬಂದೆವು. ಚೀಟಿ ಎತ್ತಿದ ದುಡ್ಡು ಅದು. ಹಾಗಾಗಿ ಪ್ರತಿ ಖರ್ಚನ್ನೂ ಬರೆದಿಟ್ಟಿದ್ದೇನೆ.

ಮೊದಲು ಖರ್ಚನ್ನು ಎರಡು ಪಾಲು ಮಾಡಿ. ಹೋಗಿ ಬರುವುದಕ್ಕೆ ಒಂದು, ಅಲ್ಲಿ ಇರುವುದಕ್ಕೆ ಒಂದು. ಹೋಗಿ ಬರುವ ಖರ್ಚು ಯಾರಿಗಾದರೂ ಹೆಚ್ಚು ಕಡಿಮೆ ಅಷ್ಟೇ. ನಮಗೆ ವಿಮಾನದ ಟಿಕೆಟ್ ತಲಾ 28,000 ಆಯಿತು. ಪಾಸ್‌ಪೋರ್ಟ್ ಶುಲ್ಕ ತಲಾ 1,500ರ ಆಸುಪಾಸು. ವಿಯೆಟ್ನಾಂ ಇ-ವೀಸಾ ತಲಾ 25 ಡಾಲರ್. ಇನ್ಶೂರೆನ್ಸ್, ದೇವನಹಳ್ಳಿ ವಿಮಾನ ನಿಲ್ದಾಣದವರೆಗಿನ ಓಡಾಟ ಎಲ್ಲ ಸೇರಿ ಮೂವರಿಗೂ ಒಂದು ಲಕ್ಷದ ಹತ್ತು ಸಾವಿರದ ಹತ್ತಿರ ಹೋಯಿತು.

ಇ-ವೀಸಾ ತುಂಬುವಾಗ ಪಾಸ್‌ಪೋರ್ಟ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಅವ್ವನ ಹೆಸರಲ್ಲಿ ನಾನು ಒಂದು ಅಕ್ಷರ ಬಿಟ್ಟಿದ್ದೆ. ಮತ್ತೆ ಅರ್ಜಿ ಹಾಕಬೇಕಾಯಿತು. ಕಟ್ಟಿದ 25 ಡಾಲರ್ ವಾಪಸ್ ಬರಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಒಂದೂವರೆ ಲಕ್ಷದಲ್ಲಿ ಅಲ್ಲಿಗೆ ಉಳಿಯುವುದು 40,000. ಆಗುತ್ತದೆ, ಆದರೆ ಬಿಗಿ. ಮೂವರಿಗೂ ಒಂದೇ ರೂಮು, ರಾತ್ರಿಗೆ 1,800ರ ಆಸುಪಾಸು. ಊಟಕ್ಕೆ ದಿನಕ್ಕೆ ತಲಾ 600. ಮಧ್ಯ ಯಾರಿಗಾದರೂ ಜ್ವರ ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ. ನೀವಿಬ್ಬರೇ ಆಗಿದ್ದರೆ ಹೋಗಿ ಅನ್ನುತ್ತಿದ್ದೆ. ತಾಯಿಯವರನ್ನು ಕರೆದುಕೊಂಡು ಬೇಡ.

ಎರಡೂವರೆ ಲಕ್ಷ ಸರಿಯಾದ ಅಳತೆ. ನಾವು ಹೋದದ್ದೂ ಅಷ್ಟರಲ್ಲೇ. ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ ಎರಡು ರೂಮು, ಬೆಳಗಿನ ತಿಂಡಿ ಸೇರಿ, ಒಂದೊಂದಕ್ಕೆ 3,500ರೊಳಗೆ ಸಿಕ್ಕಿತು. ದಿನವೂ ಕಾರು ಮಾಡಿಕೊಂಡೆವು. ಕೊನೆಗೆ 22,000 ಉಳಿಯಿತು. ಜಾಸ್ತಿ ದುಡ್ಡು ಹಾಕುವುದಾದರೆ ಮೊದಲು ವಿಮಾನದ ಸಮಯಕ್ಕೆ ಹಾಕಿ. ಅಗ್ಗದ ಟಿಕೆಟ್‌ನಲ್ಲಿ ನಡುರಾತ್ರಿ ಇಳಿದು ಏಳೆಂಟು ಗಂಟೆ ಕುರ್ಚಿಯಲ್ಲಿ ಕಾಯುವುದು ಎಪ್ಪತ್ತರ ಹತ್ತಿರ ಇರುವವರಿಗೆ ನಿಜಕ್ಕೂ ಕಷ್ಟ. ಹಾಗೇ ಲಗೇಜಿನ ನಿಯಮ ನೋಡಿ. ಅಗ್ಗದ ಟಿಕೆಟ್‌ಗಳಲ್ಲಿ ಕೈಚೀಲ ಬಿಟ್ಟು ಉಳಿದದ್ದಕ್ಕೆ ಬೇರೆ ದುಡ್ಡು ಕಟ್ಟಬೇಕಾಗುತ್ತದೆ.

ನಾಲ್ಕು ಲಕ್ಷ ಇದ್ದರೆ ದೊಡ್ಡ ರೆಸಾರ್ಟ್ ಬೇಡ. ಹಗಲೆಲ್ಲ ಸುತ್ತಿ ಬಂದು ಮಲಗುವುದಕ್ಕೆ ಅಷ್ಟು ಕೊಡುವುದು ಸುಮ್ನೆ ದಂಡ. ಬದಲಿಗೆ ಇನ್ನೆರಡು ದಿನ ಸೇರಿಸಿ ಹನೋಯ್, ಹಾಲಾಂಗ್ ಕೊಲ್ಲಿ ನೋಡಿ ಬನ್ನಿ.

ಅವ್ವ ಶುದ್ಧ ಸಸ್ಯಾಹಾರಿ. ಹೊರಡುವಾಗ ನನಗಿದ್ದ ದೊಡ್ಡ ಚಿಂತೆ ಊಟದ್ದೇ. ಅಲ್ಲಿ 'ಚಾಯ್' ಅಂತ ಬೋರ್ಡ್ ಇರುವ ಹೋಟೆಲ್ ಹುಡುಕಿ. ಚಾಯ್ ಅಂದರೆ ಸಸ್ಯಾಹಾರ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿನ ಬೌದ್ಧರಲ್ಲಿ ತುಂಬಾ ಜನ ಮಾಂಸ ಬಿಡುತ್ತಾರೆ, ಆ ದಿನಗಳಲ್ಲಂತೂ ಅವು ತುಂಬಿರುತ್ತವೆ. ಅನ್ನ, ತೋಫು, ಸೊಪ್ಪು ಇರುವ ತಟ್ಟೆಗೆ ನಾವು ಕೊಟ್ಟದ್ದು 40,000 ಡಾಂಗ್. ಸೊನ್ನೆ ನೋಡಿ ಹೆದರಬೇಡಿ, 300 ಡಾಂಗ್‌ಗೆ ಸುಮಾರು ಒಂದು ರೂಪಾಯಿ. ಬೇರೆ ಹೋಟೆಲ್‌ಗಳಲ್ಲಿ ತರಕಾರಿ ಅಂತ ಕೊಟ್ಟದ್ದಕ್ಕೂ ಮೀನಿನ ಸಾಸ್ ಬಿದ್ದಿರಬಹುದು, ಕೇಳಿಕೊಳ್ಳಿ. ಚೀಲದಲ್ಲಿ ಶೇಂಗಾ ಚಟ್ನಿಪುಡಿ, ಅವಲಕ್ಕಿ ಇರಲಿ.

ಡಾ ನಾಂಗ್ ಹತ್ತಿರದ ಬಾ ನಾ ಹಿಲ್ಸ್‌ನಲ್ಲಿ ದೈತ್ಯ ಕೈಗಳು ಹೊತ್ತ ಚಿನ್ನದ ಬಣ್ಣದ ಸೇತುವೆ ಇದೆಯಲ್ಲ, ಅದಕ್ಕೆ ಒಬ್ಬರಿಗೆ 3,000 ರೂಪಾಯಿ ಮೀರುತ್ತದೆ. ಚೆನ್ನಾಗಿದೆ, ಜನಜಂಗುಳಿ ಜಾಸ್ತಿ. ಬಿಟ್ಟರೂ ನಷ್ಟವಿಲ್ಲ. ಮೀ ಸಾನ್ ಮಾತ್ರ ಬಿಡಬೇಡಿ. ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್, ಟಿಕೆಟ್ 150,000 ಡಾಂಗ್. ಹಿಂದೆ ಆ ಭಾಗ ಆಳಿದ ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು. 2020ರಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುವಾಗ 9ನೇ ಶತಮಾನದ ಶಿವಲಿಂಗ ಸಿಕ್ಕಿದ್ದು ಅಲ್ಲೇ. ಪಾಳುಬಿದ್ದ ಗೋಪುರವೊಂದರ ಮುಂದೆ ಅವ್ವ ಚಪ್ಪಲಿ ಬಿಟ್ಟು ನಿಂತಳು. ಸೆರಗಿನ ಗಂಟಿನಲ್ಲಿ ತಂದಿದ್ದ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡಳು. "ಇಲ್ಲೀತನಕ ಬಂದು ಕುಂತಾನಲ್ಲೋ" ಅಂದಳು. ನಮ್ಮ ಇಡೀ ಪ್ರವಾಸದಲ್ಲಿ ತುಂಬಾ ಕಡಿಮೆ ಖರ್ಚಾದ ದಿನ ಅದು.

ದುಡ್ಡು ಒಯ್ಯುವ ಬಗ್ಗೆ ಎರಡು ಮಾತು. ಮಾಮೂಲಿ ಕ್ರೆಡಿಟ್ ಕಾರ್ಡ್ ಹೊರಗೆ ಉಜ್ಜಿದರೆ ತುಂಬಾ ಬ್ಯಾಂಕುಗಳು ಶೇ. 3.5ರಷ್ಟು ಮೇಲೆ ಹಿಡಿಯುತ್ತವೆ. ಮೊದಲೇ ವಿದೇಶಿ ದುಡ್ಡು ತುಂಬಿಸಿಡುವ ಫಾರೆಕ್ಸ್ ಕಾರ್ಡ್ ಮಾಡಿಸಿ, ಸ್ವಲ್ಪ ಡಾಲರ್ ನೋಟು ಇಟ್ಟುಕೊಳ್ಳಿ. ಕಾರ್ಡ್ ಮಷೀನು ರೂಪಾಯಿಯಲ್ಲಾ ಡಾಂಗ್‌ನಲ್ಲಾ ಅಂತ ಕೇಳಿದರೆ ಡಾಂಗ್ ಒತ್ತಿ. ಟ್ರಾವೆಲ್ಸ್‌ನವರ ಪ್ಯಾಕೇಜ್ ತಗೊಂಡರೆ ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತಾರೆ. ಅದರ ರಸೀದಿ ಜೋಪಾನ, ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಅಕ್ಟೋಬರ್, ನವೆಂಬರ್ ಬೇಡ. ಆಗ ಆ ಕಡೆ ಮಳೆ ಜೋರು, ಹೋಯಿ ಆನ್ ಬೀದಿಗಳಿಗೆ ನೀರು ನುಗ್ಗುತ್ತದೆ. ಅವರ ಹೊಸವರ್ಷ ಟೆಟ್ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ, ಆಗ ದರ ಏರುತ್ತದೆ, ಅಂಗಡಿಗಳೂ ಮುಚ್ಚಿರುತ್ತವೆ. ಮಾರ್ಚ್‌ಗೆ ಇಟ್ಟುಕೊಳ್ಳಿ. ತಾಯಿಯವರ ಪಾಸ್‌ಪೋರ್ಟ್ ಅರ್ಜಿ ಈ ವಾರವೇ ಹಾಕಿಬಿಡಿ.