ಒಪ್ಪಂದ ಮುಗಿದ ಮೇಲಿನ ಮೂರು ಕಂತುಗಳು

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಎರಡು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಇಷ್ಟು ಸಿಟ್ಟು ಬರಬೇಕಾದರೆ ಕಥೆಯನ್ನು ಮನಸ್ಸಿಟ್ಟು ಓದಿರಲೇಬೇಕು. ಹಾಗಾಗಿ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸುವುದು ಸರಿಯಲ್ಲ ಅನ್ನಿಸಿತು.

ನಮ್ಮ ಪತ್ರಿಕೆಯಲ್ಲಿ ಬಂದ ಈ ಧಾರಾವಾಹಿ ಓದದೇ ಇರುವವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಒಂದು ಸಣ್ಣ ಊರು. ಆಕೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವಳು, ಸಾಲಕ್ಕೆ ಇನ್ನೊಬ್ಬರ ಸಹಿ ಸಿಗದಿದ್ದರೆ ಕಾರ್ಯಾಗಾರ ಕೈಬಿಟ್ಟುಹೋಗುತ್ತದೆ. ಆತ ತೀರಿಹೋದ ಅಕ್ಕನ ಎಂಟು ವರ್ಷದ ಮಗಳನ್ನು ಸಾಕುತ್ತಿದ್ದಾನೆ, ಮಗು ತಮಗೆ ಬೇಕು ಎಂದು ಇನ್ನೊಂದು ಕಡೆಯವರು ಕೋರ್ಟಿಗೆ ಹೋಗಿದ್ದಾರೆ. ಮದುವೆಯಾಗಿದ್ದರೆ ನಿಮ್ಮ ಕಡೆ ಗಟ್ಟಿಯಾಗುತ್ತದೆ ಎಂದು ವಕೀಲರು ಹೇಳುತ್ತಾರೆ. ಇಬ್ಬರೂ ಒಂದು ವರ್ಷಕ್ಕೆ ಅಂತ ಒಪ್ಪಿಕೊಂಡು ಮದುವೆಯಾಗುತ್ತಾರೆ. ಬೇರೆ ಬೇರೆ ಕೋಣೆ, ಬೇರೆ ಬೇರೆ ಲೆಕ್ಕ. 18ನೇ ಕಂತಿನ ಹೊತ್ತಿಗೆ ತೀರ್ಪು ಬರುತ್ತದೆ, ಸಾಲವೂ ತೀರುತ್ತದೆ.

ನೀವು ಕೇಳಿರುವುದು ಮೂರು ಮಾತು. ಕೆಲಸ ಮುಗೀತಲ್ಲ, ಇನ್ನೂ ಮೂರು ಕಂತು ಯಾಕೆ ಎಳೆದಿರಿ? ಇದು ಮೋಸ ಅಲ್ವಾ? ಮೂರನೆಯದು, ಕಾಗದದ ಮೇಲೆ ಶುರುವಾದದ್ದು ಪ್ರೀತಿಯಾಗುತ್ತದೆ ಅಂತ ನಂಬಿಸಲು ಬರಬೇಡಿ.

ಮೋಸದ ಮಾತಿನಿಂದ ಶುರು ಮಾಡುತ್ತೇನೆ. ಅನುಕೂಲಕ್ಕಾಗಿ ಆದ ಮದುವೆಗಳೆಲ್ಲ ಒಂದೇ ಥರ ಅಲ್ಲ. 1935ರಲ್ಲಿ ಇಂಗ್ಲಿಷ್ ಕವಿ ಡಬ್ಲ್ಯೂ. ಎಚ್. ಆಡೆನ್, ಎರಿಕಾ ಮಾನ್ ಅವರನ್ನು ಮದುವೆಯಾದರು. ಆಕೆ ಜರ್ಮನ್ ಲೇಖಕ ಥಾಮಸ್ ಮಾನ್ ಅವರ ಮಗಳು. ನಾಜಿಗಳನ್ನು ಎದುರು ಹಾಕಿಕೊಂಡು ದೇಶ ಬಿಟ್ಟಿದ್ದರು, ಜರ್ಮನ್ ಪೌರತ್ವ ಕೈತಪ್ಪುವ ಸ್ಥಿತಿ ಬಂದಿತ್ತು. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿತ್ತು. ಮದುವೆಗೆ ಮಾತಾದಾಗ ಇಬ್ಬರಿಗೂ ಮುಖಪರಿಚಯವೇ ಇರಲಿಲ್ಲ. ಅವರು ಗಂಡ ಹೆಂಡತಿಯಾಗಿ ಸಂಸಾರ ಮಾಡಲಿಲ್ಲ, ಆದರೆ 1969ರಲ್ಲಿ ಎರಿಕಾ ತೀರಿಕೊಳ್ಳುವವರೆಗೂ ಆ ಮದುವೆ ಕಾನೂನಿನಲ್ಲಿ ಹಾಗೇ ಇತ್ತು. ಇದನ್ನು ಮೋಸ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರಿಗೆ ತನ್ನ ಹೆಸರನ್ನು ಆಸರೆಯಾಗಿ ಕೊಟ್ಟ, ಅಷ್ಟೇ.

ಹಾಗಂತ ನಮ್ಮ ಧಾರಾವಾಹಿಯಲ್ಲಿ ತಪ್ಪೇ ಇಲ್ಲ ಅನ್ನುತ್ತಿಲ್ಲ. ಅಲ್ಲಿ ಒಂದು ಮಗು ಇದೆ. ಇಂಥ ಎಷ್ಟೋ ಕಥೆಗಳಲ್ಲಿ ಮಗುವನ್ನು ತಂದಿಡುವುದೇ ದೊಡ್ಡವರಿಬ್ಬರನ್ನು ಹತ್ತಿರ ಮಾಡುವುದಕ್ಕೆ. ಜ್ವರ ಬರುತ್ತದೆ, ಇಬ್ಬರೂ ರಾತ್ರಿಯಿಡೀ ಎದ್ದು ಕೂರುತ್ತಾರೆ, ಬೆಳಗಾಗುವಷ್ಟರಲ್ಲಿ ಪ್ರೀತಿ. ಆ ಥರದ ಹಸ್ತಪ್ರತಿಗಳು ನಮಗೆ ಬಹಳ ಬರುತ್ತವೆ, ವಾಪಸ್ ಕಳಿಸುತ್ತೇವೆ. ಈ ಲೇಖಕಿ ಹಾಗೆ ಮಾಡಲಿಲ್ಲ. 9ನೇ ಕಂತಿನಲ್ಲಿ ಆ ಹುಡುಗಿ ಹೋಂವರ್ಕ್ ಮಾಡುತ್ತಾ, ತಲೆ ಎತ್ತದೆ, "ಒಂದು ವರ್ಷ ಆದಮೇಲೆ ನನ್ನ ಮನೆ ಯಾವುದು?" ಎಂದು ಕೇಳುತ್ತದೆ. ಲೆಕ್ಕದ ಪುಸ್ತಕ ಮುಗಿದಿತ್ತು ಅಂತ ಡ್ರಾಯರಿನಿಂದ ತೆಗೆದ ಒಂದು ಕಾಗದದ ಹಿಂಬದಿಯಲ್ಲಿ ಗುಣಾಕಾರ ಮಾಡುತ್ತಿರುತ್ತದೆ. ಅದು ಆ ಒಪ್ಪಂದದ ಕಾಗದ. ಓದಲು ಬರುವ ಮಗು ಅದು, ದೊಡ್ಡವರಿಬ್ಬರೂ ಅದನ್ನು ಮರೆತಿದ್ದರು. ನೀವು ಕೇಳಿದ ಪ್ರಶ್ನೆಯನ್ನೇ ಆ ಮಗು ಕೇಳಿತು. ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಕಥೆಯೂ ಅವರನ್ನು ಸುಮ್ನೆ ಬಿಡಲಿಲ್ಲ.

ಇನ್ನು ಕಾಗದದಿಂದ ಪ್ರೀತಿ ಹುಟ್ಟುತ್ತದಾ ಅನ್ನುವ ಮಾತು. ಹುಟ್ಟಲೇಬೇಕು ಅಂತ ಏನಿಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1802ರ ಡಿಸೆಂಬರಿನಲ್ಲಿ ಅವರಿಗೆ 27 ತುಂಬಲು ಎರಡು ವಾರ ಇದ್ದಾಗ ಹ್ಯಾರಿಸ್ ಬಿಗ್-ವಿದರ್ ಎಂಬ ಯುವಕ ಮದುವೆಗೆ ಕೇಳಿದ. ದೊಡ್ಡ ಆಸ್ತಿಗೆ ವಾರಸುದಾರ. ಒಪ್ಪಿದ್ದರೆ ಜೀವನಪೂರ್ತಿ ಹಣದ ಚಿಂತೆ ಇರುತ್ತಿರಲಿಲ್ಲ. ಸಂಜೆ ಒಪ್ಪಿದರು, ಮರುದಿನ ಬೆಳಿಗ್ಗೆ ಮಾತು ವಾಪಸ್ ತೆಗೆದುಕೊಂಡರು. ಆಮೇಲೆ 1813ರಲ್ಲಿ ಪ್ರಕಟವಾದ ಅವರ ಕಾದಂಬರಿ 'ಪ್ರೈಡ್ ಆಂಡ್ ಪ್ರಿಜುಡೀಸ್'ನಲ್ಲಿ ಷಾರ್ಲೆಟ್ ಲ್ಯೂಕಸ್ ಅನ್ನುವವಳು ಬರುತ್ತಾಳೆ. ಅವಳಿಗೂ 27. ಅವಳು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ, ಇರಲೊಂದು ಮನೆ ಬೇಕು ಅಂತ ಮದುವೆಯಾಗುತ್ತಾಳೆ. ತಾನು ಕೂರುವುದಕ್ಕೆ ಮನೆಯ ಹಿಂಭಾಗದ ಕೋಣೆಯನ್ನು ಆರಿಸಿಕೊಳ್ಳುತ್ತಾಳೆ. ಮುಂದಿನ ಕೋಣೆ ಚೆನ್ನಾಗಿದೆ, ಆದರೆ ಅಲ್ಲಿ ಕೂತರೆ ಗಂಡ ಜಾಸ್ತಿ ಹೊತ್ತು ಜೊತೆಗಿರುತ್ತಾನಲ್ಲ! ಇಡೀ ಮದುವೆ ಆ ಒಂದು ಕೋಣೆಯಲ್ಲಿ ಕಾಣುತ್ತದೆ.

ನಾನು ಇಂಥ ಕಥೆ ಓದುವಾಗ ನೋಡುವುದು ಇದನ್ನೇ. ಯಾರು ಯಾವ ಕೋಣೆಯಲ್ಲಿ ಕೂರುತ್ತಾರೆ, ಯಾವಾಗ ಎದ್ದು ಬರುತ್ತಾರೆ.

ಸಣ್ಣ ಊರು ಯಾಕೆ ಬೇಕು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಊರು ಬರೀ ಚೆಂದಕ್ಕೆ ಅಂತ ನೀವು ಬರೆದಿದ್ದೀರಿ, ನಾನು ಒಪ್ಪುವುದಿಲ್ಲ. ಪೌರತ್ವಕ್ಕೋ ವಾಸದ ಪರವಾನಗಿಗೋ ಮದುವೆಯಾದವರ ಮೇಲೆ ಅನುಮಾನ ಬಂದರೆ ಅಮೆರಿಕದಲ್ಲಿ ಅಧಿಕಾರಿಗಳು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ, ಉತ್ತರಗಳನ್ನು ತಾಳೆ ಹಾಕುತ್ತಾರೆ. 1986ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ ಸುಳ್ಳು ಮದುವೆಗೆ ಐದು ವರ್ಷದವರೆಗೆ ಜೈಲು. ಸಣ್ಣ ಊರಿನಲ್ಲಿ ಆ ಅಧಿಕಾರಿಯ ಕೆಲಸವನ್ನು ಎಲ್ಲರೂ ಮಾಡುತ್ತಾರೆ, ಅದೂ ದಿನಾ. ನಿಮ್ಮವರಿಗೆ ಕೆಮ್ಮು ಕಡಿಮೆಯಾಯಿತಾ ಎಂದು ಯಾರೋ ಕೇಳುತ್ತಾರೆ, ಕೆಮ್ಮಿದೆ ಎಂದೇ ಆಕೆಗೆ ಗೊತ್ತಿಲ್ಲ. ಅವತ್ತು ರಾತ್ರಿ ಗೋಡೆಯಾಚೆ ಕಿವಿಗೊಟ್ಟು ಮಲಗುತ್ತಾಳೆ. ಮೊದಲು ಉತ್ತರ ತಪ್ಪಬಾರದು ಅಂತ ಗಮನಿಸುತ್ತಾಳೆ. ಆಮೇಲೆ ಯಾರೂ ಕೇಳದಿದ್ದರೂ ಗಮನಿಸುತ್ತಾಳೆ. ಈ ಎರಡರ ನಡುವಿನ ದಿನ ಯಾವುದು ಅಂತ ಲೇಖಕಿ ಎಲ್ಲೂ ಬೆರಳಿಟ್ಟು ತೋರಿಸಲಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ದೊಡ್ಡ ನಗರದಲ್ಲಿ ಪಕ್ಕದ ಮನೆಯವರಿಗೆ ಹೆಸರೇ ಗೊತ್ತಿರುವುದಿಲ್ಲ, ಯಾರ ಮುಂದೆ ಅಂತ ನಟಿಸುತ್ತಾರೆ?

ಬೀಗದ ಪ್ರಸಂಗ ನಿಮಗೆ ನೆನಪಿರಬೇಕು. 2ನೇ ಕಂತಿನಲ್ಲಿ ಆತ ಮನೆಯ ಕೀಲಿ ಕೊಡುತ್ತಾ, ಬಾಗಿಲು ಸ್ವಲ್ಪ ಇಳಿದಿದೆ, ಹಿಡಿಯನ್ನು ಮೇಲಕ್ಕೆತ್ತಿಕೊಂಡು ಕೀಲಿ ತಿರುಗಿಸಬೇಕು ಎನ್ನುತ್ತಾನೆ. ಮೊದಲ ವಾರ ಆಕೆ ಹೊರಗೆ ನಿಂತು ಒದ್ದಾಡುತ್ತಾಳೆ, ಕರೆಯಲು ಸಂಕೋಚ. 11ನೇ ಕಂತಿನಲ್ಲಿ ಕರೆಂಟ್ ಇಲ್ಲದ ರಾತ್ರಿ, ಒಂದು ಕೈಯಲ್ಲಿ ರಟ್ಟಿನ ಕಟ್ಟು, ಏನೋ ಯೋಚಿಸುತ್ತಾ ಬಂದು ಬಾಗಿಲನ್ನು ಮೊಣಕಾಲಿನಿಂದ ಎತ್ತಿ ತೆರೆದು ಒಳಗೆ ಹೋಗುತ್ತಾಳೆ. ಅಷ್ಟೇ, ಒಂದೇ ಸಾಲು. ಅದು ಏನು ಅಂತ ಆಕೆಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಯಿತು. ನಿಮಗೂ ಗೊತ್ತಾಗಿದೆ, ಯಾಕೆಂದರೆ ಪತ್ರದಲ್ಲಿ "ಆ ಬಾಗಿಲೊಂದು ಚೆನ್ನಾಗಿದೆ" ಎಂದು ಬರೆದಿದ್ದೀರಿ.

ಈಗ ಮುಖ್ಯ ಪ್ರಶ್ನೆ. 18ಕ್ಕೇ ಯಾಕೆ ನಿಲ್ಲಿಸಲಿಲ್ಲ?

ಅಲ್ಲಿಯವರೆಗೆ ಅವರು ಜೊತೆಗಿರುವುದಕ್ಕೆ ಕಾರಣ ಇತ್ತು. ಆತ ಆಕೆಗಾಗಿ ಏನು ಮಾಡಿದರೂ ಕೋರ್ಟಿಗಾಗಿ ಮಾಡಿದ ಅನ್ನಬಹುದು. ಆಕೆ ಏನು ಮಾಡಿದರೂ ಸಾಲಕ್ಕಾಗಿ ಅನ್ನಬಹುದು. ಇಬ್ಬರಿಗೂ ಅದು ಒಳ್ಳೆಯ ನೆಪ, ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ತೀರ್ಪು ಬಂದ ದಿನ ಆ ನೆಪ ಹೋಯಿತು. 19ನೇ ಕಂತಿನಲ್ಲಿ ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು, ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ಹೊಸ ಕಾರಣ ಹುಡುಕುತ್ತಾರಲ್ಲ, ಮಳೆಗಾಲ ಮುಗಿಯಲಿ ಅಂತ ಒಬ್ಬರು, ಮಗುವಿನ ಪರೀಕ್ಷೆ ಮುಗಿಯಲಿ ಅಂತ ಇನ್ನೊಬ್ಬರು, ಆ ಮಾತುಕತೆ ಓದುವಾಗ ನನಗೆ ಗಂಟಲು ಕಟ್ಟಿತು. ಇರಬೇಕಾದ ಅಗತ್ಯ ಇಲ್ಲದಿರುವಾಗ ಇರುತ್ತಾರಾ, ಹೋಗುತ್ತಾರಾ? ಹಿಂದಿನ 18 ಕಂತು ಬರೆದದ್ದೇ ಈ ಪ್ರಶ್ನೆ ಕೇಳುವುದಕ್ಕೆ. 18ಕ್ಕೆ ನಿಲ್ಲಿಸಿದ್ದರೆ ನಿಮ್ಮ ಕೈಗೆ ಸಿಗುತ್ತಿದ್ದದ್ದು ಒಂದು ಕೋರ್ಟ್ ಕೇಸಿನ ಕಥೆ.

ಆದರೆ ಒಂದು ಕಡೆ ನೀವು ಹೇಳಿದ್ದೇ ಸರಿ. ನಿಮ್ಮ ಮದುವೆಯಾಗಿ 32 ವರ್ಷ ಆಯಿತು, ಅದೂ ಎರಡು ಮನೆಯವರ ಅನುಕೂಲಕ್ಕೆ ಆದ ಮದುವೆ, ಪ್ರೀತಿ ಯಾವಾಗ ಬಂತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ, ಇಬ್ಬರೂ ಅದನ್ನು ಹೇಳಿಕೊಂಡೂ ಇಲ್ಲ ಎಂದು ಬರೆದಿದ್ದೀರಿ. ಹಾಗಾಗಿ 20ನೇ ಕಂತಿನಲ್ಲಿ ಆತ ನಿಂತು ಎರಡು ಪುಟ ಮಾತಾಡುವುದನ್ನು ಓದಿ ಪತ್ರಿಕೆ ಮುಚ್ಚಿಟ್ಟಿರಿ, 21 ಓದಲೇ ಇಲ್ಲ. ನಿಮ್ಮ ಪತ್ರ ಓದಿದ ಮೇಲೆ ಆ ಎರಡು ಪುಟವನ್ನು ನಾನೂ ಮತ್ತೆ ಓದಿದೆ. ಬಾಗಿಲು, ಕೆಮ್ಮು, ಡ್ರಾಯರಿನ ಕಾಗದ ಎಲ್ಲ ಹೇಳಿಯಾದದ್ದನ್ನೇ ಆತ ಮತ್ತೆ ವಿವರಿಸುತ್ತಾನೆ. ಅಚ್ಚಿಗೆ ಹೋಗುವ ಮುಂಚೆ ಅದನ್ನು ನಾನೇ ತೆಗೆಸಬೇಕಿತ್ತು. ಅದು ನನ್ನ ತಪ್ಪು, ಲೇಖಕಿಯದಲ್ಲ. ಪುಸ್ತಕವಾಗಿ ತರುವಾಗ ಆ ಎರಡು ಪುಟ ಬಿಡಲು ಅವರು ಒಪ್ಪಿದ್ದಾರೆ.

ನೀವು ಓದದ ಸಂಚಿಕೆಯನ್ನು ಈ ಉತ್ತರದ ಜೊತೆ ಅಂಚೆಯಲ್ಲಿ ಕಳಿಸಿದ್ದೇನೆ. ಅದರಲ್ಲಿ ಆ ಬಾಗಿಲನ್ನು ರಿಪೇರಿ ಮಾಡಲು ಒಬ್ಬರು ಬರುತ್ತಾರೆ. ಆಮೇಲೆ ಏನಾಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ. ಓದಿ, ಸಿಟ್ಟು ಬಂದರೆ ಮತ್ತೆ ಬರೆಯಿರಿ.

ನಿಮ್ಮ,
ಸಂಪಾದಕ